ಪಟಾಕಿ ಸಿಡಿದ ಮೇಲೆ ನಿಲ್ಲದ ಕಿವಿಮೊರೆತ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೀದಿಯಲ್ಲಿ ಹಚ್ಚಿದ ಪಟಾಕಿ ನನ್ನ ಬಲಗಡೆ ಎರಡು ಮೂರು ಅಡಿ ದೂರದಲ್ಲೇ ಸಿಡಿಯಿತು. ಎಂಟು ದಿನವಾದರೂ ಆ ಕಿವಿಯಲ್ಲಿ ಜೀರುಂಡೆ ಕೂಗಿದಂತೆ ಸದ್ದು, ಹತ್ತಿ ತುರುಕಿದಂತೆ ಬಿಗಿತ. ಮೆಡಿಕಲ್ ಶಾಪಿನವರು ಹನಿ ಕೊಟ್ಟಿದ್ದಾರೆ. ತಾನಾಗಿ ಹೋಗುತ್ತದೆಯೇ? (ಬಸವನಗುಡಿ)

ಹನಿ ಹಾಕುವುದನ್ನು ಈಗಲೇ ನಿಲ್ಲಿಸಿ, ಇವತ್ತೇ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಿ. ದೊಡ್ಡ ಸದ್ದಿನ ನಂತರದ ಮೊರೆತ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಮೂರು ದಿನ ಕಳೆದೂ ಮೊರೆತ ಇದ್ದು, ಕೇಳುವುದೂ ಮಂದವಾಗಿದ್ದರೆ ಕಾಯಬಾರದು. ಒಳಕಿವಿಗೆ ಪೆಟ್ಟಾಗಿದ್ದರೆ ಸ್ಟಿರಾಯ್ಡ್ ಕೊಡಬೇಕೇ ಎಂದು ವೈದ್ಯರು ತೀರ್ಮಾನಿಸುವುದು ಮೊದಲ ಎರಡು ವಾರದೊಳಗೆ, ಅದರಲ್ಲೂ ಬೇಗ ಹೋದಷ್ಟು ಒಳ್ಳೆಯದು. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೆ ಮೊದಲೇ ಹೇಳಿ.

ಸ್ಫೋಟದ ಒತ್ತಡಕ್ಕೆ ಕಿವಿತಮಟೆ ಹರಿದಿರಲೂಬಹುದು. ಹರಿದ ತಮಟೆಯ ಮೂಲಕ ಹನಿ, ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ ಒಳಗಿಳಿದರೆ ಸೋಂಕು ಆಗಬಹುದು. ವೈದ್ಯರು ನೋಡುವವರೆಗೆ ಸ್ನಾನ ಮಾಡುವಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗೆ ಇಟ್ಟುಕೊಳ್ಳಿ, ಆಳಕ್ಕೆ ತುರುಕಬೇಡಿ. ಮೂಗನ್ನು ಜೋರಾಗಿ ಊದಿ ಸಿಂಬಳ ತೆಗೆಯಬೇಡಿ.

ಆಡಿಯೋಮೆಟ್ರಿ ಮಾಡಿಸಿ. ಸದ್ದು ತಡೆದ ಕೋಣೆಯಲ್ಲಿ 250ರಿಂದ 8000 ಹರ್ಟ್ಸ್‌ವರೆಗೆ ಒಂದೊಂದೇ ಸ್ವರ ಕೇಳಿಸಿ ನಕ್ಷೆ ಬರೆಯುತ್ತಾರೆ. ಸದ್ದಿನ ಪೆಟ್ಟು ಬಿದ್ದ ಕಿವಿಯಲ್ಲಿ 4000 ಹರ್ಟ್ಸ್ ಆಸುಪಾಸಿನಲ್ಲಿ ಗೆರೆ ತಗ್ಗಿಗೆ ಇಳಿದಂತೆ ಕಾಣುತ್ತದೆ. ನಕ್ಷೆ ಸರಿಯಾಗಿಯೇ ಬಂದರೆ ‘ನಿಮಗೇನೂ ಆಗಿಲ್ಲ’ ಎನ್ನುವವರಿದ್ದಾರೆ. ಆ ಮಾತನ್ನು ಒಪ್ಪಬೇಕಿಲ್ಲ. ನಕ್ಷೆ ಸರಿಯಿದ್ದೂ ಮೊರೆತ ಇರುವುದುಂಟು. ಇನ್ನೊಂದು ಮಾತು: ಜೋರು ಸದ್ದಿಗೆ ನಡುಕಿವಿಯ ಸ್ನಾಯು ಬಿಗಿಯಾಗುತ್ತದೆಯೇ ಎಂದು ನೋಡುವ ರಿಫ್ಲೆಕ್ಸ್ ಪರೀಕ್ಷೆಯಲ್ಲಿ ಸಾಕಷ್ಟು ಜೋರಾದ ಸ್ವರ ಬಿಡುತ್ತಾರೆ. ಸದ್ದು ಸಹಿಸಲಾಗುತ್ತಿಲ್ಲ ಎಂದು ಮೊದಲೇ ಹೇಳಿ, ಅದನ್ನು ಮುಂದೂಡಲು ಕೇಳಿ.

ಪ್ರಶ್ನೆ: ವರ್ಷದ ಹಿಂದೆ ಮನೆ ಎದುರಿನ ಟ್ರಾನ್ಸ್‌ಫಾರ್ಮರ್ ಸಿಡಿಯಿತು. ಕಿವಿಮೊರೆತ ಅಂದಿನಿಂದ ಇದೆ. ಈಗ ಕುಕ್ಕರ್ ಕೂಗಿದರೆ, ಸ್ಟೀಲ್ ತಟ್ಟೆ ಬಿದ್ದರೆ ಕಿವಿಯೊಳಗೆ ಚುಚ್ಚಿದಂತಾಗುತ್ತದೆ. ದಿನವಿಡೀ ಇಯರ್‌ಪ್ಲಗ್ ಹಾಕಿರುತ್ತೇನೆ, ಆದರೂ ಹೆಚ್ಚುತ್ತಲೇ ಇದೆ. (ವಿಜಯನಗರ)

ಹೆಚ್ಚಲು ಆ ಪ್ಲಗ್ಗೇ ಒಂದು ಕಾರಣ. ನಡುಕಿವಿಯ ಪುಟ್ಟ ಸ್ನಾಯು ಜೋರು ಸದ್ದಿಗೆ ಬಿಗಿಯಾಗಿ ಕಿವಿಯನ್ನು ಕಾಯುತ್ತದೆ, ನಿಜ. ಆದರೆ ಅದು ಬಿಗಿಯಾಗುವಷ್ಟರಲ್ಲಿ ಸ್ಫೋಟದ ಪೆಟ್ಟು ಒಳಗೆ ಸೇರಿರುತ್ತದೆ. ಸದ್ದನ್ನು ಹಿಡಿಯುವ ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಬರುವ ಸಂಕೇತ ಕಡಿಮೆಯಾದಾಗ ಮಿದುಳು ತನ್ನ ಕಡೆಯಿಂದ ವಾಲ್ಯೂಮ್ ಏರಿಸುತ್ತದೆ. ನೆಟ್‌ವರ್ಕ್ ಸರಿಯಿಲ್ಲದ ಫೋನಿನಲ್ಲಿ ವಾಲ್ಯೂಮ್ ಏರಿಸಿದರೆ ಮಾತಿನ ಜೊತೆ ಕರಕರವೂ ಏರುತ್ತದಲ್ಲ, ಹಾಗೆ. ಪ್ಲಗ್ ಹಾಕಿ ಕಿವಿಯನ್ನು ಇನ್ನಷ್ಟು ನಿಶ್ಶಬ್ದದಲ್ಲಿ ಇಟ್ಟರೆ ಮಿದುಳು ಇನ್ನಷ್ಟು ಏರಿಸುತ್ತದೆ. ನಿಮ್ಮ ತಪ್ಪಲ್ಲ; ನೋವಾದಾಗ ಕಿವಿ ಮುಚ್ಚಿಕೊಳ್ಳುವುದು ಸಹಜ.

ಒಂದೇ ದಿನ ಕಿತ್ತೆಸೆಯಬೇಡಿ. ಮೊದಲ ವಾರ ಮನೆಯ ಅತ್ಯಂತ ಶಾಂತ ಕೋಣೆಯಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಪ್ಲಗ್ ತೆಗೆದಿಡಿ. ಆ ಹೊತ್ತಿನಲ್ಲಿ ಫ್ಯಾನು ಅಥವಾ ಸ್ಪೀಕರಿನಲ್ಲಿ ಮಳೆಯ ಸದ್ದು ಮೆಲ್ಲಗೆ ಇರಲಿ, ಇಯರ್‌ಫೋನ್ ಬೇಡ. ಎಷ್ಟು ಮೆಲ್ಲಗೆ? ಮಳೆಯ ಸದ್ದಿನ ಜೊತೆಗೇ ನಿಮ್ಮ ಮೊರೆತವೂ ಕೇಳಿಸುತ್ತಿರಬೇಕು. ಮೊರೆತ ಪೂರ್ತಿ ಮುಚ್ಚಿಹೋಗುವಷ್ಟು ಏರಿಸಿದರೆ ಮಿದುಳಿಗೆ ಅದರ ಜೊತೆ ಹೊಂದಿಕೊಳ್ಳುವ ಅಭ್ಯಾಸವೇ ಆಗುವುದಿಲ್ಲ. ಬಹುತೇಕರು ಎಡವುವುದು ಇಲ್ಲೇ. ವಾರ ವಾರ ಪ್ಲಗ್ ಇಲ್ಲದ ಹೊತ್ತನ್ನು ಹೆಚ್ಚಿಸಿ. ನೋವು ಮರುದಿನಕ್ಕೂ ಉಳಿದರೆ ಹಿಂದಿನ ವಾರದ ಅಳತೆಗೆ ಮರಳಿ, ಅಲ್ಲಿಂದ ಮತ್ತೆ ಶುರು ಮಾಡಿ. ತಿಂಗಳುಗಟ್ಟಲೆ ಹಿಡಿಯುತ್ತದೆ.

ಅಡುಗೆಮನೆಯಲ್ಲಿ ಕಾಡುವುದು ಸದ್ದಿಗಿಂತಲೂ ಅದು ಹೇಳದೆ ಕೇಳದೆ ಬರುವುದು. ಸಿಂಕಿನಲ್ಲಿ ರಬ್ಬರ್ ಮ್ಯಾಟ್, ಪಾತ್ರೆ ಬುಟ್ಟಿಯ ತಳಕ್ಕೆ ಹಳೆ ಟವೆಲ್, ಮಿಕ್ಸಿಯ ಕೆಳಗೆ ದಪ್ಪ ರಬ್ಬರ್ ಹಾಸಿ. ಮಿಕ್ಸಿ ಹಾಕುವ ಮುನ್ನ ‘ಮಿಕ್ಸಿ ಹಾಕ್ತೀನಿ’ ಎಂದು ಒಂದು ಮಾತು ಹೇಳಲು ಮನೆಯವರಿಗೆ ತಿಳಿಸಿ. ಕುಕ್ಕರ್ ಕೂಗುವಾಗ ಮೊದಲು ಎರಡು ಕೋಣೆ ಆಚೆ, ಕೆಲವು ವಾರದ ಮೇಲೆ ಅಡುಗೆಮನೆ ಬಾಗಿಲಲ್ಲಿ, ಆಮೇಲೆ ಒಲೆಯ ಬಳಿ ನಿಲ್ಲಿ. ಉರಿ ಆರಿಸುವುದು ನಿಮ್ಮ ಕೈಯಲ್ಲೇ ಇದ್ದರೆ ಇನ್ನೂ ಒಳ್ಳೆಯದು.

ಪ್ಲಗ್ ಬೇಕಾದ ಜಾಗಗಳೂ ಇವೆ: ಬೋರ್‌ವೆಲ್ ಕೊರೆಯುವಲ್ಲಿ, ಡಿ.ಜೆ. ಮೆರವಣಿಗೆಯಲ್ಲಿ, ದೀಪಾವಳಿಯ ಮೂರು ರಾತ್ರಿ. 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದಾದರೆ 100 ಡೆಸಿಬಲ್‌ನಲ್ಲಿ ಕಾಲು ಗಂಟೆಯಷ್ಟೇ. ಬರಿಯ ಹತ್ತಿ ಪ್ರಯೋಜನಕ್ಕೆ ಬಾರದು. ಫೋಮ್ ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು ದೀಪದ ಬತ್ತಿಯಷ್ಟು ಸಣ್ಣಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದಾಗ ಕಿವಿಯ ದಾರಿ ನೇರವಾಗುತ್ತದೆ. ಒಳಗಿಟ್ಟು, ಅದು ಉಬ್ಬುವವರೆಗೆ ಮೂವತ್ತು ಸೆಕೆಂಡ್ ಬೆರಳಲ್ಲಿ ಒತ್ತಿ ಹಿಡಿಯಿರಿ. ನಂತರ ಎರಡೂ ಅಂಗೈಗಳಿಂದ ಕಿವಿ ಮುಚ್ಚಿ ನೋಡಿ. ಸದ್ದು ತೀರಾ ಕಡಿಮೆಯಾದರೆ ಪ್ಲಗ್ ಸರಿಯಾಗಿ ಕೂತಿಲ್ಲ, ತೆಗೆದು ಮತ್ತೆ ಹಾಕಿ. ಪೊಟ್ಟಣದ ಮೇಲಿನ ಎನ್.ಆರ್.ಆರ್. (ಪ್ಲಗ್ ಎಷ್ಟು ಸದ್ದು ತಗ್ಗಿಸುತ್ತದೆ ಎಂಬ) ಅಂಕಿ ಪ್ರಯೋಗಾಲಯದ್ದು, ಅದರ ಅರ್ಧ ಸಿಕ್ಕರೂ ದೊಡ್ಡದು. ಗಟ್ಟಿಯಾದ, ಕೊಳೆಯಾದ ಫೋಮ್ ಬಿಸಾಡಿ.

ಇದನ್ನೆಲ್ಲ ಒಬ್ಬರೇ ಮಾಡುವುದು ಕಷ್ಟ. ಬೆಂಗಳೂರಿನ ಲಿಂಗರಾಜಪುರದ ಡಾ. ಎಸ್.ಆರ್. ಚಂದ್ರಶೇಖರ ವಾಕ್ ಶ್ರವಣ ಸಂಸ್ಥೆಯಲ್ಲೋ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ಶ್ರವಣತಜ್ಞರನ್ನು ಕಾಣಿ.

ಪ್ರಶ್ನೆ: ಹಗಲು ಹೇಗೋ ಕಳೆಯುತ್ತದೆ, ರಾತ್ರಿ ಮಲಗಿದರೆ ಗುಂಯ್ ಎನ್ನುವ ಸದ್ದೇ ಸದ್ದು. ಗಿಂಕೋ ಮಾತ್ರೆ ತೆಗೆದುಕೊಳ್ಳಲೇ? (ಮಲ್ಲೇಶ್ವರ)

ಬೇಡ. ಗಿಂಕೋ ಎಂಬ ಮರದ ಎಲೆಯ ಸಾರದಿಂದ ಕಿವಿಮೊರೆತ ಇಳಿಯುವುದಿಲ್ಲ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ರಕ್ತಸ್ರಾವದ ಅಪಾಯ ಬೇರೆ. ಮೊರೆತವನ್ನು ಅಳಿಸುವ ಮಾತ್ರೆ ಸದ್ಯಕ್ಕೆ ಯಾವುದೂ ಇಲ್ಲ. ಮೊರೆತದ ಬಗೆಗಿನ ಭಯ, ನಿದ್ರೆಗೇಡು ಇಳಿಸುವುದರಲ್ಲಿ ಗಟ್ಟಿ ಆಧಾರ ಇರುವುದು ಯೋಚನೆ, ನಡವಳಿಕೆಗಳನ್ನು ತಿದ್ದಿಕೊಳ್ಳಲು ಕಲಿಸುವ ಸಿ.ಬಿ.ಟಿ. ಎಂಬ ಆಪ್ತಸಮಾಲೋಚನೆಗೆ. ಮಲಗುವ ಕೋಣೆಯಲ್ಲಿ ಮೆಲ್ಲನೆ ಒಂದು ಸದ್ದು ಬೆಳಗಿನವರೆಗೂ ಇರಲಿ. ಟೈಮರ್ ಇಟ್ಟರೆ ನಡುರಾತ್ರಿ ಅದು ನಿಂತಾಗ ಎಚ್ಚರವಾಗುತ್ತದೆ. ನಿಮ್ಮ ಸದ್ದು ನಾಡಿಮಿಡಿತದ ತಾಳಕ್ಕೆ ಬಡಿಯುತ್ತಿದ್ದರೆ, ಅಥವಾ ತಲೆಸುತ್ತು ಜೊತೆಗಿದ್ದರೆ, ಅದು ಬೇರೆ ಸಮಸ್ಯೆ ಇರಬಹುದು, ವೈದ್ಯರಿಗೆ ತೋರಿಸಿ.

ಪ್ರಶ್ನೆ: ಪಕ್ಕದ ರಸ್ತೆಯ ಮೈಕಿನ ಅಬ್ಬರವನ್ನು ಫೋನಿನ ಆ್ಯಪ್‌ನಲ್ಲಿ ಅಳೆದು ದೂರು ಕೊಡಬಹುದೇ? (ಯಶವಂತಪುರ)

ಅಳತೆ ಇಲ್ಲದೆಯೂ ಕೊಡಬಹುದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕಕ್ಕೆ ನಿಷೇಧವಿದೆ. 112ಕ್ಕೆ ಕರೆ ಮಾಡಿ ಸ್ಥಳ, ಸಮಯ ಹೇಳಿ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಆ್ಯಪ್‌ನ ಅಂಕಿ ಮೈಕಿನ ಸದ್ದಿಗೆ ಅಂದಾಜಾಗಿ ಸಾಕು. ಪಟಾಕಿಗೆ ಮಾತ್ರ ಅದನ್ನು ನಂಬಬೇಡಿ. ಸಿಡಿತದ ತುತ್ತತುದಿಯನ್ನು ಫೋನಿನ ಮೈಕ್ ಹಿಡಿಯಲಾರದು, ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ.