ಹಡಗು ಕಟ್ಟುವವರು ಮೊದಲು ಅಗಲ ಅಳೆಯಲಿ

ಪ್ರಶ್ನೆ: ಲೆಗೋ ಇಟ್ಟಿಗೆಗಳಲ್ಲಿ ಸ್ವೀಡನ್ನಿನ ವಾಸಾ ಹಾಯಿ ಹಡಗನ್ನು ನನ್ನದೇ ವಿನ್ಯಾಸದಲ್ಲಿ ಕಟ್ಟಲು ಹೊರಟಿದ್ದೇನೆ. ಮೂರು ಸಲ ಕಟ್ಟಿ ಮೂರು ಸಲವೂ ಕೆಡವಿದೆ. ಒಡಲು ಪೆಟ್ಟಿಗೆಯಂತೆ ಕಾಣುತ್ತದೆ. ಕೂವೆಮರದ ದಾರ ಬಿಗಿದ ಕೂಡಲೇ ಡೆಕ್ಕಿನ ತುಂಡುಗಳು ಕಿತ್ತು ಬರುತ್ತವೆ. ಲೆಗೋ ಗೊಂಬೆಗಳನ್ನೇ ನಾವಿಕರಾಗಿ ನಿಲ್ಲಿಸಬೇಕೆಂಬ ಆಸೆ ಬೇರೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಗೊಂಬೆಯ ಆಸೆಯಿಂದಲೇ ಶುರುಮಾಡೋಣ. ಉಳಿದ ಕಷ್ಟಗಳ ಬೇರು ಅಲ್ಲೇ ಇದ್ದಂತಿದೆ. ಲೆಗೋ ಗೊಂಬೆಯ ಎತ್ತರ ಸುಮಾರು 4 ಸೆಂ.ಮೀ. ಅದನ್ನು ಆಳೆತ್ತರದ ಮನುಷ್ಯ ಎಂದುಕೊಂಡರೆ ನಿಮ್ಮ ಹಡಗು ಅಸಲಿಯ ನಲವತ್ತೆರಡನೆಯ ಒಂದು ಪಾಲು ಇರಬೇಕು. ವಾಸಾ ಹಡಗಿನ ಒಟ್ಟು ಉದ್ದ 69 ಮೀಟರ್, ತಳದಿಂದ ಕೂವೆಯ ತುದಿಯವರೆಗಿನ ಎತ್ತರ 52.5 ಮೀಟರ್. ನೀವೇ ಭಾಗಿಸಿ ನೋಡಿ: ಒಂದೂಮುಕ್ಕಾಲು ಮೀಟರಿಗೆ ತುಸು ಕಡಿಮೆ ಉದ್ದ, ಒಂದೂಕಾಲು ಮೀಟರ್ ಎತ್ತರ. ಮಂಚದಷ್ಟು ಉದ್ದದ ಹಡಗನ್ನು ಇಡುವುದೆಲ್ಲಿ? ಅಷ್ಟು ಇಟ್ಟಿಗೆ ಇಲ್ಲದಾಗ ನಾವೆಲ್ಲ ಮಾಡುವುದು ಒಂದೇ: ಗೊಂಬೆಯನ್ನು ಹಾಗೆಯೇ ಇಟ್ಟು ಹಡಗನ್ನು ಮೊಟಕುಗೊಳಿಸುತ್ತೇವೆ. ಉದ್ದ ಕುಗ್ಗುತ್ತದೆ, ಗೋಡೆ ಎತ್ತರವಾಗುತ್ತದೆ, ಹಡಗು ಪೆಟ್ಟಿಗೆಯಾಗುತ್ತದೆ. ಲೆಗೋ ಕಂಪನಿಯೇ 1989ರಲ್ಲಿ ಹೊರತಂದ ಕಡಲ್ಗಳ್ಳರ ಹಡಗುಗಳಲ್ಲಿಯೂ ಅಳತೆ ಹೀಗೆಯೇ ಕುಗ್ಗಿತ್ತು. ಅವು ಆಟಿಕೆಗಳು, ಆಟಿಕೆಗೆ ಅದು ಒಪ್ಪುತ್ತದೆ. ನೀವು ಕೇಳುತ್ತಿರುವುದು ವಾಸಾ. ಗೊಂಬೆ ಬೇಕೋ ಹಡಗು ಬೇಕೋ, ತೀರ್ಮಾನ ನಿಮ್ಮದು. ನಾನು ಗೊಂಬೆಗಳನ್ನು ಡಬ್ಬಿಗೆ ಹಾಕಿ ಮುಚ್ಚಿಬಿಟ್ಟೆ.

ಈಗ ಅಳತೆಗೆ ಬನ್ನಿ. ಎಲ್ಲರೂ ಉದ್ದದಿಂದ ಆರಂಭಿಸುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಮೊದಲ ಹಡಗಿನ ಒಡಲು ಮುಗಿದಾಗ ಅಕ್ಕ ಬಂದು ನೋಡಿ, "ಇದು ಯಾವ ಊರಿನ ಬಸ್ಸು?" ಎಂದು ಕೇಳಿದಳು. ಬೇಕೆಂದೇ ಚುಚ್ಚಿದ್ದಲ್ಲ, ನಿಜಕ್ಕೂ ಬಸ್ಸೆಂದೇ ತಿಳಿದಿದ್ದಳು. ಅಂದಿನಿಂದ ಅಗಲದಿಂದ ಶುರುಮಾಡುತ್ತೇನೆ, ಅದೂ ಬೆಸ ಸಂಖ್ಯೆಯಲ್ಲಿ. ಅಗಲ ಹದಿನೆಂಟು ಸ್ಟಡ್ (ಇಟ್ಟಿಗೆಯ ಮೇಲಿನ ಗುಂಡಿ) ಆದರೆ ನಡುಗೆರೆ ಎರಡು ಸ್ಟಡ್‌ಗಳ ಸಂದಿಗೆ ಬೀಳುತ್ತದೆ. ಹತ್ತೊಂಬತ್ತಾದರೆ ಸರಿಯಾಗಿ ನಡುವಿನ ಸ್ಟಡ್ ಮೇಲೆ ಬರುತ್ತದೆ. ತಳದ ಬೆನ್ನೆಲುಬು, ಚುಕ್ಕಾಣಿ, ಮೂತಿಯಿಂದ ಮುಂದೆ ಚಾಚುವ ಮರ, ಇವೆಲ್ಲ ಒಂದೇ ಸ್ಟಡ್ ಅಗಲದವು. ಬೆಸ ಅಗಲವಿದ್ದರೆ ಒಂದೇ ಸಾಲಿನಲ್ಲಿ ಕೂರುತ್ತವೆ.

ವಾಸಾದ ಅಗಲ 11.7 ಮೀಟರ್. ಸ್ಟಡ್‌ನಿಂದ ಸ್ಟಡ್‌ಗೆ 8 ಮಿ.ಮೀ. ಹತ್ತೊಂಬತ್ತು ಸ್ಟಡ್ ಎಂದರೆ 152 ಮಿ.ಮೀ., ಅಂದರೆ ಎಪ್ಪತ್ತೇಳನೆಯ ಒಂದು ಪಾಲು. ಆ ಲೆಕ್ಕದಲ್ಲಿ 47.5 ಮೀಟರಿನ ಒಡಲು ಎಪ್ಪತ್ತೇಳು ಸ್ಟಡ್ ಉದ್ದ ಬರುತ್ತದೆ, ಎತ್ತರ 68 ಸೆಂ.ಮೀ. ಮೇಜಿನ ಮೇಲೆ ಹಿಡಿಸುತ್ತದೆ. ನಾವಿಕರು ಬೇಕೇ ಬೇಕೆಂದರೆ ಒಂದು ಸ್ಟಡ್‌ನ ಎರಡು ದುಂಡು ಇಟ್ಟಿಗೆಗಳನ್ನು ಒಂದರ ಮೇಲೊಂದು ಇಡಿ, ಸುಮಾರು 21 ಮಿ.ಮೀ. ಮುಖವಿಲ್ಲದಿದ್ದರೂ ಅಳತೆಗೆ ಸರಿಹೊಂದುವ ಮನುಷ್ಯ!

ಒಡಲನ್ನು ಗೋಡೆಯಂತೆ ಸಾಲಿನ ಮೇಲೆ ಸಾಲು ಇಟ್ಟು ಏರಿಸಬೇಡಿ. ವಾಸಾದಂಥ ಹದಿನೇಳನೆಯ ಶತಮಾನದ ಯುದ್ಧನೌಕೆ ನೀರಿನ ಗೆರೆಯ ಹತ್ತಿರ ಹೊಟ್ಟೆ ಬಿಟ್ಟುಕೊಂಡು, ಮೇಲೆ ಹೋದಂತೆ ಒಳಕ್ಕೆ ಬಾಗುತ್ತದೆ. ಗೋಡೆಯಲ್ಲಿ ಬಾಗು ತರಲು ಒಂದು ಸ್ಟಡ್ ಹೊರಗೆ ಅಥವಾ ಒಳಗೆ ಸರಿಯಬೇಕು, 8 ಮಿ.ಮೀ.; ಅರ್ಧ ಸ್ಟಡ್ ಸರಿಸಿ ಕೂರಿಸುವ ಜಂಪರ್ ಪ್ಲೇಟ್ ಹಾಕಿದರೂ 4. ಮೆಟ್ಟಿಲು ಕಂಡೇ ಕಾಣುತ್ತದೆ. ಅದರ ಬದಲು ಬೆನ್ನೆಲುಬಿನ ಮೇಲೆ ಎಂಟು ಸ್ಟಡ್‌ಗೊಂದು ಪಕ್ಕೆಲುಬು ನಿಲ್ಲಿಸಿ, ಬದಿಗಳನ್ನು ಬೇರೆಯಾಗಿ, ಸ್ಟಡ್ ಹೊರಮುಖವಾಗುವಂತೆ ಮಲಗಿಸಿ ಕಟ್ಟಿ, ಆಮೇಲೆ ಕೀಲು ತುಂಡುಗಳಿಂದ ಪಕ್ಕೆಲುಬಿಗೆ ತಗುಲಿಸಿ. ಈಗ ಒಂದು ಪ್ಲೇಟ್ (ತೆಳು ಇಟ್ಟಿಗೆ) ಸೇರಿಸಿದರೆ ಹೊಟ್ಟೆ ಉಬ್ಬುವುದು 3.2 ಮಿ.ಮೀ. ಮಾತ್ರ. ಐದು ಪ್ಲೇಟ್ ದಪ್ಪ ಎರಡು ಸ್ಟಡ್ ಅಗಲಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮ, ಎರಡೂ 16 ಮಿ.ಮೀ. ಅಡ್ಡ ಮಲಗಿದ ತುಂಡೂ ನಿಂತ ತುಂಡೂ ಸೇರುವ ಜಾಗಗಳನ್ನು ಈ ಲೆಕ್ಕದಿಂದ ಹುಡುಕಿಕೊಳ್ಳಬೇಕು. ಮೂತಿಯ ಕಡೆಗೆ ಇದು ತಲೆ ತಿನ್ನುತ್ತದೆ. ನನ್ನ ಹಡಗಿನ ಮೂತಿ ಮಾತ್ರವೇ ಎರಡು ತಿಂಗಳು ತೆಗೆದುಕೊಂಡಿತು, ಈಗಲೂ ಎಡಬದಿಯಲ್ಲಿ ಬೆರಳು ತೂರುವಷ್ಟು ಸಂದಿಯಿದೆ. ಆ ಬದಿಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ.

ಕಂಪ್ಯೂಟರಿನಲ್ಲಿ ಮೊದಲು ಕಟ್ಟಿ ನೋಡುವುದು ಒಳ್ಳೆಯದೇ. ಆದರೆ ಪರದೆಯ ಮೇಲೆ ದಾರ ಎಳೆಯುವುದಿಲ್ಲ. ನಡುಹಡಗಿನ ಎಂಟು ಸ್ಟಡ್ ಉದ್ದದ ಒಂದು ಹೋಳನ್ನು ನಿಜವಾದ ಇಟ್ಟಿಗೆಯಲ್ಲಿ ಕಟ್ಟಿ, ಕೈಯಲ್ಲಿ ಹಿಡಿದು ಹಿಂಡಿ ನೋಡಿ. ಅದು ಉಳಿದರೆ ಮುಂದುವರಿಯಿರಿ.

ಡೆಕ್ಕು ಏಳುವುದಕ್ಕೆ ಕಾರಣ ಸರಳ. ಸ್ಟಡ್ ಅಡ್ಡ ಎಳೆತಕ್ಕೆ ಜಗ್ಗುವುದಿಲ್ಲ, ನೇರ ಮೇಲಕ್ಕೆ ಎಳೆದರೆ ಬಿಟ್ಟುಕೊಡುತ್ತದೆ. ಕೂವೆಯ ದಾರ ಎಳೆಯುವುದು ಮೇಲಕ್ಕೇ. ಆದ್ದರಿಂದ ದಾರವನ್ನು ಡೆಕ್ಕಿನ ತುಂಡಿಗೆ ಕಟ್ಟಬೇಡಿ. ಡೆಕ್ಕಿಗಿಂತ ಮೂರು ನಾಲ್ಕು ಸಾಲು ಕೆಳಗೆ, ಪಕ್ಕೆಲುಬಿಗೆ ಸೇರಿದ ಲೆಗೋದ ಟೆಕ್ನಿಕ್ ಸರಣಿಯ ತೂತಿನ ಇಟ್ಟಿಗೆಯಲ್ಲಿ ಅಡ್ಡಲಾಗಿ ಪಿನ್ ಚುಚ್ಚಿ ಅದಕ್ಕೆ ಕಟ್ಟಿ. ಕೂವೆಯನ್ನೂ ಡೆಕ್ಕಿನ ಮೇಲೆ ಅಂಟಿಸಿದಂತೆ ನಿಲ್ಲಿಸಬಾರದು. ದುಂಡು ಇಟ್ಟಿಗೆಗಳ ನಡುವೆ ಟೆಕ್ನಿಕ್ ಕಡ್ಡಿ ಹಾಯಿಸಿ, ಡೆಕ್ಕನ್ನು ತೂರಿಸಿ, ಬೆನ್ನೆಲುಬಿನಲ್ಲಿ ಊರಿ. ನಿಜವಾದ ಹಡಗಿನ ದೊಡ್ಡ ಕೂವೆಯೂ ಡೆಕ್ಕುಗಳನ್ನು ತೂರಿಕೊಂಡು ತಳದಲ್ಲೇ ಊರಿರುತ್ತದೆ. ದಾರಗಳನ್ನು ಎಡಕ್ಕೊಂದು ಬಲಕ್ಕೊಂದು ಜೋಡಿಯಾಗಿ ಬಿಗಿಯುತ್ತಾ ಹೋಗಿ. ಒಂದೇ ಬದಿ ಮುಗಿಸಿ ಇನ್ನೊಂದಕ್ಕೆ ಹೋದರೆ ಕೂವೆ ಓರೆಯಾಗಿ, ನೇರ ಮಾಡಲು ಹೋಗಿ ಬದಿಯೇ ಕಳಚುತ್ತದೆ. ಕೂವೆಯನ್ನು ಹಿಡಿದು ನಿಲ್ಲಿಸುವ ದಾರ ಕಪ್ಪಾಗಿರಲಿ, ಹಾಯಿಯನ್ನು ಏರಿಸಿ ಇಳಿಸುವ ದಾರ ತಿಳಿಬಣ್ಣದ್ದಿರಲಿ. ಮೊದಲಿನದಕ್ಕೆ ಡಾಂಬರು ಬಳಿಯುತ್ತಿದ್ದರು.

ಮೇಲ್ಭಾಗ ಭಾರವಾದರೆ ಏನಾಗುತ್ತದೆ ಎಂಬುದನ್ನು ನೀವು ಆರಿಸಿಕೊಂಡ ಹಡಗೇ ತೋರಿಸಿಕೊಟ್ಟಿದೆ. 1628ರ ಆಗಸ್ಟ್ 10ರಂದು ಮೊದಲ ಯಾನಕ್ಕೆ ಹೊರಟು, ಸ್ಟಾಕ್‌ಹೋಮ್ ಬಂದರಿನಲ್ಲಿ ಸುಮಾರು 1300 ಮೀಟರ್ ಸಾಗುವಷ್ಟರಲ್ಲಿ ಗಾಳಿಗೆ ವಾಲಿ, ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. 1961ರಲ್ಲಿ ಮೇಲೆತ್ತಿದರು. ನಿಮ್ಮದು ಮೇಜಿನ ಮೇಲೆ ಮಗುಚಬಾರದೆಂದರೆ ಪಕ್ಕೆಲುಬುಗಳ ಸಂದಿಯಲ್ಲಿ ಉಳಿದ ಇಟ್ಟಿಗೆಗಳನ್ನು ತುಂಬಿ. ಯಾವ ಬಣ್ಣವಾದರೂ ಸರಿ, ಯಾರೂ ನೋಡುವುದಿಲ್ಲ.

ಪ್ರಶ್ನೆ: ಬಟ್ಟೆಯ ಹಾಯಿ ಒಗೆದ ಕರವಸ್ತ್ರದಂತೆ ಜೋತು ಬೀಳುತ್ತದೆ. ಉಬ್ಬಿಸುವುದು ಹೇಗೆ?

ಉತ್ತರ: ತೆಳು ಹತ್ತಿ ಬಟ್ಟೆ ತೆಗೆದುಕೊಳ್ಳಿ. ಮೊದಲು ಕಾಗದದಲ್ಲಿ ಕತ್ತರಿಸಿ ಅಡ್ಡಮರಕ್ಕೆ ಹಿಡಿದು ನೋಡಿ, ಆಮೇಲೆ ಬಟ್ಟೆಗೆ ಕತ್ತರಿ ಹಾಕಿ. ಬಿಳಿ ಅಂಟನ್ನು ನೀರಿನಲ್ಲಿ ತೆಳುಮಾಡಿ ಅದರಲ್ಲಿ ಅದ್ದಿ, ಪ್ಲಾಸ್ಟಿಕ್ ಹಾಳೆ ಸುತ್ತಿದ ಬಟ್ಟಲಿನ ಬೆನ್ನ ಮೇಲೆ ಹರಡಿ ಒಣಗಿಸಿ. ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಹಾಯಿಗಳೆಲ್ಲ ಮುಂದಕ್ಕೆ ಉಬ್ಬಿವೆ ಎಂದರೆ ಗಾಳಿ ಹಿಂದಿನಿಂದ ಬೀಸುತ್ತಿದೆ. ಹಾಗಿದ್ದಾಗ ಕೂವೆಯ ತುದಿಯ ಬಾವುಟವೂ ಮುಂದಕ್ಕೇ ಹಾರಬೇಕು. ಬಾವುಟವನ್ನು ಮಾತ್ರ ಕಾರಿನ ಬಾವುಟದಂತೆ ಹಿಂದಕ್ಕೆ ಹಾರಿಸಿದ ಮಾದರಿಗಳನ್ನು ಎಷ್ಟೋ ನೋಡಿದ್ದೇನೆ. ಒಂದೇ ಹಡಗಿಗೆ ಎರಡು ಗಾಳಿ!

ಪ್ರಶ್ನೆ: ಮುಗಿದ ಮೇಲೆ ನೀರಿನಲ್ಲಿ ತೇಲಿಸಬಹುದೇ?

ಉತ್ತರ: ಬೇಡ. ಇಟ್ಟಿಗೆಗಳ ಸಂದಿಗಳಿಂದ ನೀರು ಒಳಗೆ ಬರುತ್ತದೆ, ಇಟ್ಟಿಗೆಗಳನ್ನು ಮಾಡಿರುವ ಎಬಿಎಸ್ ಪ್ಲಾಸ್ಟಿಕ್ ನೀರಿಗಿಂತ ತುಸು ಭಾರ. ನಿಮ್ಮ ವಾಸಾ 1300 ಮೀಟರನ್ನೂ ಸಾಗಲಾರದು.