ಕಾಡಿನೊಳಗಿನ ಹಳಿಯ ಜಾಡು

ಪ್ರಶ್ನೆ: ಕೇರಳದ ಪರಂಬಿಕುಳಂ ಕಾಡಿನಲ್ಲಿ ಹಿಂದೆ ಮರ ಸಾಗಿಸುತ್ತಿದ್ದ ರೈಲುಮಾರ್ಗದ ಗುರುತುಗಳು ಈಗಲೂ ಸಿಗುತ್ತವೆಯೇ? ಅವುಗಳನ್ನು ಪತ್ತೆಹಚ್ಚುವುದು ಹೇಗೆ?

ಉತ್ತರ: ಸಿಗುತ್ತವೆ; ಆದರೆ ಹಳಿಗಳನ್ನೇ ಹುಡುಕುತ್ತಾ ಹೊರಟರೆ ನಿರಾಶೆಯಾದೀತು. ಕೊಚ್ಚಿ ಸಂಸ್ಥಾನವು ತೇಗ ಮುಂತಾದ ಮರಗಳನ್ನು ಚಾಲಕುಡಿ ರೈಲು ನಿಲ್ದಾಣಕ್ಕೆ ತರಲು ನಿರ್ಮಿಸಿದ, ಸುಮಾರು 80 ಕಿ.ಮೀ. ಉದ್ದದ ಈ ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ) ಟ್ರಾಮ್‌ವೇ, ಅಂದರೆ ಹಗುರ ರೈಲುಮಾರ್ಗ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಆರಂಭವಾಗಿ, 1963ರಲ್ಲಿ ನಿಂತುಹೋಯಿತು. ಹಳಿಗಳ ಕೆಳಗೆ ಅಡ್ಡಲಾಗಿ ಹಾಸುವ ಮರದ ಸ್ಲೀಪರುಗಳನ್ನು ಮಳೆ ಮತ್ತು ಗೆದ್ದಲು ಉಳಿಸುವುದಿಲ್ಲ, ಕಬ್ಬಿಣವನ್ನು ಮನುಷ್ಯರೇ ಉಳಿಸುವುದಿಲ್ಲ. ಆದ್ದರಿಂದ ನೆಲವನ್ನೇ ಓದಬೇಕು: ಉಗಿಬಂಡಿ ಕಡಿದಾದ ಏರನ್ನು ಹತ್ತಲಾರದಾದ್ದರಿಂದ, ಗುಡ್ಡದ ಮಗ್ಗುಲಲ್ಲಿ ಒಂದೇ ಹದದ ಇಳಿಜಾರಿನಲ್ಲಿ ಸಾಗುವ ಕಿರಿದಾದ ಸಮತಟ್ಟು ಪಟ್ಟಿ, ಎತ್ತರಿಸಿದ ಮಣ್ಣಿನ ಏರಿ, ದಿಬ್ಬವನ್ನು ಸೀಳಿ ತೆಗೆದ ದಾರಿ, ತೊರೆಗಳ ದಡದಲ್ಲಿ ಉಳಿದ ಸೇತುವೆಯ ಕಂಬಗಳು ಮುಖ್ಯ ಸುಳಿವುಗಳು. ಆದರೆ ಈ ಮಾರ್ಗದಲ್ಲಿ ಒಂದು ವಿಶೇಷವಿದೆ. ತೀರ ಕಡಿದಾದ ಕಡೆಗಳಲ್ಲಿ, ಬಾವಿಯ ಗಾಲಿಯಲ್ಲಿ ಒಂದು ಕೊಡ ಇಳಿದರೆ ಇನ್ನೊಂದು ಮೇಲೇರುವಂತೆ, ದಿಮ್ಮಿ ತುಂಬಿದ ಬಂಡಿಗಳು ಇಳಿಯುವ ಭಾರದಿಂದಲೇ ಖಾಲಿ ಬಂಡಿಗಳು ಹಗ್ಗದ ಮೂಲಕ ಮೇಲೇರುತ್ತಿದ್ದವು. ಹೀಗಾಗಿ ನೇರವಾಗಿ ಕೆಳಗಿಳಿಯುವ ಅಗಲವಾದ ಪಟ್ಟಿಯನ್ನೂ ಕಡೆಗಣಿಸಬಾರದು. ಇದು ಹುಲಿ ಸಂರಕ್ಷಿತ ಪ್ರದೇಶ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಹೋಗುವಂತಿಲ್ಲ.