ಸಂಪಾದಕರ ಉತ್ತರ: ಯುದ್ಧ ನಡೆಯುತ್ತಿರುವಾಗ ಲೆಕ್ಕ ಕೇಳಬಹುದೇ?

ಮಾನ್ಯರೇ,

ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ವಿಯೆಟ್ನಾಂ ಯುದ್ಧವನ್ನು ನಡೆಸಿದ ರೀತಿಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನಕ್ಕೆ ತಾವು ದಾವಣಗೆರೆಯಿಂದ ಬರೆದ ಆರು ಪುಟಗಳ ಪತ್ರ ಚಿತ್ರದುರ್ಗದ ನಮ್ಮ ಕಚೇರಿಗೆ ತಲುಪಿದೆ. ಹೆಸರು ಬೇಡವೆಂದು ಕೋರಿರುವುದರಿಂದ ಅದನ್ನು ಕೈಬಿಟ್ಟಿದ್ದೇನೆ. ಪೂರ್ತಿ ಅಚ್ಚು ಮಾಡಲು ಪುಟಗಳಿಲ್ಲವಾದ್ದರಿಂದ ಉಳಿದ ಓದುಗರ ತಿಳಿವಳಿಕೆಗಾಗಿ ಪತ್ರದ ಸಾರವನ್ನಷ್ಟೇ ಇಲ್ಲಿ ಕೊಡುತ್ತೇನೆ. ತಾವು ಸೇನೆಯಿಂದ ಹವಾಲ್ದಾರರಾಗಿ ನಿವೃತ್ತರಾದವರು. 1987ರಿಂದ ಎರಡು ವರ್ಷ ಶ್ರೀಲಂಕಾದಲ್ಲಿ ನಮ್ಮ ಶಾಂತಿಪಾಲನಾ ಪಡೆಯಲ್ಲಿದ್ದವರು. ಗುಂಡಿನ ನಡುವೆ ನಿಂತವನಿಗೆ ಹಿಂದಿನಿಂದ ಕೇಳಿಬರುವ ಚರ್ಚೆ ಶತ್ರುವಿನ ಗುಂಡಿಗಿಂತ ಕೆಟ್ಟದ್ದು ಎಂಬುದು ತಮ್ಮ ಮೊದಲ ಮಾತು. ಜಾನ್ಸನ್ ಅವರನ್ನು ಸೋಲಿಸಿದ್ದು ವಿಯೆಟ್ನಾಮಿನ ಗೆರಿಲ್ಲಾಗಳಲ್ಲ, ಸ್ವದೇಶದ ಪತ್ರಿಕೆ ಮತ್ತು ಟೆಲಿವಿಷನ್ ಎಂಬುದು ಎರಡನೆಯದು. ನಾಯಕನ ಲೆಕ್ಕವನ್ನು ಯುದ್ಧ ಮುಗಿದ ಮೇಲೆ ಕೇಳಬೇಕೇ ಹೊರತು ನಡುವೆ ಅಲ್ಲ ಎಂಬುದು ಮೂರನೆಯದು. ಕೊನೆಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಿದ್ದೀರಿ: ‘ಇದೇ ಧೈರ್ಯವನ್ನು 1988ರಲ್ಲಿ ತೋರಿಸಿದ್ದಿರಾ?’ ಅದಕ್ಕೆ ಕೊನೆಯಲ್ಲಿಯೇ ಬರುತ್ತೇನೆ.

ಮೊದಲು ತಮ್ಮ ಎರಡನೆಯ ಮಾತು. ಅದರಲ್ಲಿ ಒಪ್ಪಬೇಕಾದ ಅಂಶವಿದೆ. 1968ರ ಜನವರಿಯ ಕೊನೆಯಲ್ಲಿ, ವಿಯೆಟ್ನಾಮಿನ ಹೊಸವರ್ಷವಾದ ಟೆಟ್ ಹಬ್ಬದ ದಿನಗಳಲ್ಲಿ, ಕಮ್ಯುನಿಸ್ಟ್ ಪಡೆಗಳು ಅಮೆರಿಕದ ಬೆಂಬಲವಿದ್ದ ದಕ್ಷಿಣ ವಿಯೆಟ್ನಾಮಿನ ನಗರಗಳ ಮೇಲೆ ಏಕಕಾಲಕ್ಕೆ ಮುಗಿಬಿದ್ದವು. ಸೈನಿಕ ದೃಷ್ಟಿಯಿಂದ ನೋಡಿದರೆ ಆ ದಾಳಿ ವಿಫಲವಾಯಿತು. ಅವರು ಭಾರೀ ಸಾವುನೋವು ಅನುಭವಿಸಿದರು, ಹಿಡಿದ ನಗರಗಳನ್ನು ಉಳಿಸಿಕೊಳ್ಳಲಾಗಲಿಲ್ಲ. ಆದರೂ ಅಮೆರಿಕದ ಮನೆಗಳಲ್ಲಿ ಅದು ಅಮೆರಿಕದ ಸೋಲಿನಂತೆಯೇ ಕಂಡಿತು. ಫೆಬ್ರವರಿ 27ರಂದು ವಾಲ್ಟರ್ ಕ್ರಾಂಕೈಟ್ ಎಂಬ ಜನಪ್ರಿಯ ವಾರ್ತಾವಾಚಕರು ಈ ಯುದ್ಧ ಎತ್ತಲೂ ಸರಿಯದೆ ನಿಂತಿದೆ, ಮಾತುಕತೆಯೊಂದೇ ದಾರಿ ಎಂದು ಟೆಲಿವಿಷನ್‌ನಲ್ಲಿ ಹೇಳಿದರು. ಈ ಪ್ರಸಂಗವನ್ನು ನಮ್ಮ ಲೇಖನ ಎರಡೇ ಸಾಲಿನಲ್ಲಿ ದಾಟಿಹೋಯಿತು ಎಂಬ ತಮ್ಮ ಆಕ್ಷೇಪ ನ್ಯಾಯವಾದದ್ದು.

ಆದರೆ ಆ ದಾಳಿ ಅಷ್ಟೊಂದು ಆಘಾತ ಉಂಟುಮಾಡಿದ್ದೇಕೆ? ಅದಕ್ಕೆ ಎರಡು ತಿಂಗಳ ಹಿಂದೆ, 1967ರ ನವೆಂಬರಿನಲ್ಲಿ, ರಣರಂಗದ ದಂಡನಾಯಕರಾಗಿದ್ದ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ಅವರನ್ನು ಸರ್ಕಾರವೇ ವಾಷಿಂಗ್ಟನ್ನಿಗೆ ಕರೆಸಿ, ಯುದ್ಧದ ಅಂತ್ಯ ಕಣ್ಣಿಗೆ ಕಾಣತೊಡಗಿದೆ ಎಂದು ಪತ್ರಕರ್ತರ ಮುಂದೆ ಹೇಳಿಸಿತ್ತು. ಜನ ಅದನ್ನು ನಂಬಿದ್ದರು. ನಂಬಿದವರ ಮನೆಯ ಟೆಲಿವಿಷನ್‌ನಲ್ಲಿ ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನಿನ ಅಮೆರಿಕನ್ ರಾಯಭಾರ ಕಚೇರಿಯ ಆವರಣದೊಳಗೇ ಗುಂಡು ಹಾರುವುದು ಕಂಡಾಗ ಮುರಿದದ್ದು ಸೈನಿಕನ ಮೇಲಿನ ನಂಬಿಕೆಯಲ್ಲ, ಹೇಳಿದವರ ಮೇಲಿನ ನಂಬಿಕೆ. ಕ್ರಾಂಕೈಟ್ ಬಾಯಿ ತೆರೆಯುವ ಹೊತ್ತಿಗೆ ಅಮೆರಿಕದ ಸೈನಿಕರೇ ಸುಮಾರು 20,000 ಮಂದಿ ಸತ್ತಿದ್ದರು. ಸತ್ತ ವಿಯೆಟ್ನಾಮೀಯರ ಲೆಕ್ಕ ಅದಕ್ಕಿಂತ ಎಷ್ಟೋ ದೊಡ್ಡದು. ಇಷ್ಟಾದ ಮೇಲೆ ಮಾತಾಡಿದವರನ್ನು ಅವಸರಪಟ್ಟರು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ತಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಅನ್ನಿಸಿದ್ದು, ತಾವು ದೂರುತ್ತಿರುವ ಚರ್ಚೆ ಬೇಗ ಬಂದದ್ದಲ್ಲ, ತಡವಾಗಿ ಬಂದದ್ದು ಎಂದು. 1964ರ ಆಗಸ್ಟಿನಲ್ಲಿ ಉತ್ತರ ವಿಯೆಟ್ನಾಮಿನ ಕರಾವಳಿಯಾಚೆಯ ಟಾಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗುಗಳ ಮೇಲೆ ಎರಡು ಸಲ ದಾಳಿ ನಡೆಯಿತೆಂದು ಹೇಳಿ ಜಾನ್ಸನ್ ಸಂಸತ್ತಿನಿಂದ ವಿಶಾಲ ಅಧಿಕಾರ ಕೇಳಿದರು. ಪ್ರತಿನಿಧಿ ಸಭೆಯಲ್ಲಿ ಪರವಾಗಿ 416, ವಿರುದ್ಧವಾಗಿ ಸೊನ್ನೆ. ಸೆನೆಟ್‌ನಲ್ಲಿ ಪರವಾಗಿ 88, ವಿರುದ್ಧವಾಗಿ ಎರಡೇ ಎರಡು. ಎರಡನೆಯ ದಾಳಿ ನಡೆದೇ ಇರಲಿಲ್ಲ ಎಂಬುದು ಈಗ ದಾಖಲೆಗಳಿಂದ ಖಚಿತವಾಗಿದೆ. ವಿರುದ್ಧ ಮತ ಹಾಕಿದ ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್ ಇಬ್ಬರೂ 1968ರಲ್ಲಿ ತಮ್ಮ ಸ್ಥಾನ ಕಳೆದುಕೊಂಡರು. ಜಾನ್ಸನ್ ಅಧಿಕಾರ ಬಿಡುವ ನಿರ್ಧಾರ ಪ್ರಕಟಿಸಿದ್ದೂ ಅದೇ ವರ್ಷ. ಅಂದರೆ ತಪ್ಪು ಮಾಡಿದವರೂ ಹೋದರು, ತಪ್ಪೆಂದು ಮೊದಲೇ ಹೇಳಿದವರೂ ಹೋದರು. ಚುನಾವಣೆಯ ನ್ಯಾಯ ಹೀಗೂ ಇರುತ್ತದೆ.

ಜಾನ್ಸನ್ ಅವರನ್ನು ನಾವು ಖಳನಾಯಕನಂತೆ ಚಿತ್ರಿಸಿದ್ದೇವೆ ಎಂದಿದ್ದೀರಿ. ನನ್ನ ಅಭಿಪ್ರಾಯ ಹಾಗಿಲ್ಲ. ಕಪ್ಪುಜನರಿಗೆ 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆಯನ್ನೂ 1965ರಲ್ಲಿ ಮತದಾನದ ಹಕ್ಕಿನ ಕಾಯಿದೆಯನ್ನೂ, ಅದೇ ವರ್ಷ ವೃದ್ಧರಿಗೆ ಸರ್ಕಾರಿ ವೈದ್ಯಕೀಯ ವಿಮೆಯನ್ನೂ ತಂದ ಮನುಷ್ಯ ಅವರು. ಅವರ ದುರಂತ ಇರುವುದು ಬೇರೆ ಕಡೆ. ಅವರ ದೂರವಾಣಿ ಸಂಭಾಷಣೆಗಳ ಧ್ವನಿಮುದ್ರಣಗಳು ದಶಕಗಳ ನಂತರ ಹೊರಬಂದವು. 1964ರ ಮೇ 27ರಂದು ತಮ್ಮ ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿಯವರೊಡನೆ ಮಾತಾಡುತ್ತ, ಈ ಯುದ್ಧ ಹೋರಾಡುವಷ್ಟು ಬಾಳುವುದಿಲ್ಲ, ಹೊರಬರುವ ದಾರಿಯೂ ಕಾಣುವುದಿಲ್ಲ ಎಂಬ ಅರ್ಥದ ಮಾತನ್ನು ಅಧ್ಯಕ್ಷರು ಆಡಿದ್ದಾರೆ. ಆಗಿನ್ನೂ ಒಂದು ಕಾಲಾಳು ದಳವನ್ನೂ ಅವರು ಯುದ್ಧಕ್ಕೆಂದು ಇಳಿಸಿರಲಿಲ್ಲ. ಆ ಅಕ್ಟೋಬರಿನ ಚುನಾವಣಾ ಭಾಷಣದಲ್ಲಿ, ಏಷ್ಯಾದ ಹುಡುಗರು ಮಾಡಬೇಕಾದ ಕೆಲಸಕ್ಕೆ ನಮ್ಮ ಹುಡುಗರನ್ನು ಸಾವಿರಾರು ಮೈಲಿ ದೂರ ಕಳಿಸುವುದಿಲ್ಲ ಎಂದು ಜನರಿಗೆ ಮಾತು ಕೊಟ್ಟರು. ಮುಂದಿನ ಮಾರ್ಚ್ 8ರಂದು ದಾನಾಂಗ್ ತೀರದಲ್ಲಿ 3,500 ನೌಕಾಯೋಧರು ಇಳಿದರು. ಮೂರು ವರ್ಷದಲ್ಲಿ ಆ ಸಂಖ್ಯೆ ಐದು ಲಕ್ಷ ಮುಟ್ಟಿತು. ಸೈನಿಕನ ಮನೋಬಲದ ಬಗ್ಗೆ ತಾವು ಆಡಿದ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಆದರೆ ತನಗೇ ನಂಬಿಕೆಯಿಲ್ಲದ ಯುದ್ಧಕ್ಕೆ ಆ ಹುಡುಗರನ್ನು ಕಳಿಸಿದ ನಾಯಕನಿಗಿಂತ, ಅವರನ್ನು ಯಾಕೆ ಕಳಿಸಿದಿರಿ ಎಂದು ಕೇಳಿದವರು ಅವರಿಗೆ ಹೆಚ್ಚು ಕೇಡು ಮಾಡಿದರು ಎಂಬುದನ್ನು ಹೇಗೆ ಒಪ್ಪಲಿ?

ಇಲ್ಲಿ ಒಂದು ಸ್ವಂತದ ವಿಷಯ ಸೇರಿಸಲು ಅನುಮತಿ ಬೇಡುತ್ತೇನೆ. ಜಾನ್ಸನ್ ನಮಗೆ ಪುಸ್ತಕದಿಂದ ಪರಿಚಯವಾದವರಲ್ಲ. ಹೊಸದುರ್ಗ ತಾಲ್ಲೂಕಿನ ನಮ್ಮ ಊರಿನ ಶಾಲೆಯಲ್ಲಿ ಮಧ್ಯಾಹ್ನ ಕೊಡುತ್ತಿದ್ದ ಹಳದಿ ಉಪ್ಪಿಟ್ಟಿನ ರವೆ ಬರುತ್ತಿದ್ದ ಚೀಲಗಳ ಮೇಲೆ ಅಮೆರಿಕದ ನೆರವಿನ ಗುರುತಾಗಿ ಕೈಕುಲುಕುವ ಎರಡು ಕೈಗಳ ಚಿತ್ರವಿರುತ್ತಿತ್ತು. ಖಾಲಿ ಚೀಲವನ್ನು ನಮ್ಮ ಮೇಷ್ಟ್ರು ಒಗೆಸಿ, ಮಳೆಗಾಲದಲ್ಲಿ ಕಿಟಕಿಗೆ ಕಟ್ಟಿಸುತ್ತಿದ್ದರು. ಎರಡು ವರ್ಷ ಆ ಎರಡು ಕೈಗಳನ್ನು ನೋಡುತ್ತಲೇ ನಾನು ಮಗ್ಗಿ ಕಲಿತೆ. ಅವು ಬರದ ವರ್ಷಗಳು. 1966ರಲ್ಲಿ ದೇಶ ಸುಮಾರು ಒಂದು ಕೋಟಿ ಟನ್ ಧಾನ್ಯ ಆಮದು ಮಾಡಿಕೊಂಡಿತು, ಅದರಲ್ಲಿ ಬಹುಪಾಲು ಪಿ.ಎಲ್. 480 ಎಂಬ ಆಹಾರ ನೆರವಿನ ಯೋಜನೆಯ ಅಮೆರಿಕದ ಗೋಧಿ. ಆ ಗೋಧಿಯ ಹಡಗುಗಳನ್ನು ಒಂದೊಂದಾಗಿ ಬಿಡುವ, ತಡೆಯುವ ನಿರ್ಧಾರವನ್ನು ಜಾನ್ಸನ್ ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರು. ಭಾರತ ತನ್ನ ಕೃಷಿಯನ್ನು ಸುಧಾರಿಸಿಕೊಳ್ಳಲಿ ಎಂಬುದು ಅವರ ಮುಖ್ಯ ಕಾರಣವಾಗಿತ್ತು. ಆದರೆ ಉತ್ತರ ವಿಯೆಟ್ನಾಮಿನ ಮೇಲಿನ ಬಾಂಬ್ ದಾಳಿಯನ್ನು ಇಂದಿರಾ ಗಾಂಧಿ ಸರ್ಕಾರ ಟೀಕಿಸಿದ್ದು ಅವರನ್ನು ಕೆರಳಿಸಿತ್ತು ಎಂಬುದೂ ದಾಖಲೆಯಲ್ಲಿದೆ. ತನ್ನ ಯುದ್ಧವನ್ನು ಪ್ರಶ್ನಿಸಿದವರು ಸ್ವದೇಶದ ಸೆನೆಟರರಾಗಲಿ, ಹಸಿದ ಮಿತ್ರದೇಶವಾಗಲಿ, ಆ ಮನುಷ್ಯನಿಗೆ ಅದು ಬೆನ್ನಿಗೆ ಹಾಕಿದ ಚೂರಿಯಂತೆಯೇ ಕಾಣುತ್ತಿತ್ತು.

ಮೂರನೆಯ ಮಾತಿಗೆ ಬರುತ್ತೇನೆ. ಯುದ್ಧ ಮುಗಿದ ಮೇಲೆ ಲೆಕ್ಕ ಕೇಳೋಣ ಎನ್ನುವಿರಿ. ಜಾನ್ಸನ್ ಅವರ ರಕ್ಷಣಾ ಸಚಿವ ರಾಬರ್ಟ್ ಮೆಕ್‌ನಮಾರ ನಾವು ತಪ್ಪು ಮಾಡಿದೆವು ಎಂದು ಬರೆದದ್ದು 1995ರಲ್ಲಿ. ಅಷ್ಟರಲ್ಲಿ ವಾಷಿಂಗ್ಟನ್ನಿನ ಕಪ್ಪು ಕಲ್ಲಿನ ಗೋಡೆಯ ಮೇಲೆ ಆ ಯುದ್ಧದಲ್ಲಿ ಸತ್ತವರ ಸುಮಾರು 58,000 ಹೆಸರುಗಳನ್ನು ಕೆತ್ತಿ ಹದಿಮೂರು ವರ್ಷ ಕಳೆದಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯನ್ನು ದುರ್ಗದವನಾದ ನಾನು ದಾವಣಗೆರೆಯವರಿಗೆ ನೆನಪಿಸಬೇಕಾಗಿಲ್ಲ.

ಯುದ್ಧದ ನಡುವೆಯೇ ಲೆಕ್ಕ ಕೇಳಿದ ನಮ್ಮದೇ ಉದಾಹರಣೆಯೊಂದಿದೆ. 1962ರ ಅಕ್ಟೋಬರ್ 20ರಂದು ಚೀನಾ ದಾಳಿ ಆರಂಭಿಸಿತು. ಆಗ ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರೇ ಮೈಸೂರು ರಾಜ್ಯದ ಮುಖ್ಯಮಂತ್ರಿಗಳು. ರಕ್ಷಣಾ ನಿಧಿಗೆ ಊರೂರಲ್ಲೂ ಹೆಂಗಸರು ಚಿನ್ನ ಕೊಟ್ಟರು, ನಮ್ಮ ಅಜ್ಜಿ ಕಿವಿಯ ಬೆಂಡೋಲೆ ಬಿಚ್ಚಿ ಕೊಟ್ಟದ್ದನ್ನು ಮನೆಯವರು ಬಹಳ ಕಾಲ ಹೇಳಿಕೊಳ್ಳುತ್ತಿದ್ದರು. ಅದೇ ದಿನಗಳಲ್ಲಿ ನೆಹರೂ ನಾವು ವಾಸ್ತವದ ಸಂಪರ್ಕ ಕಳೆದುಕೊಂಡು, ನಾವೇ ಕಟ್ಟಿಕೊಂಡ ಕೃತಕ ವಾತಾವರಣದಲ್ಲಿ ಬದುಕುತ್ತಿದ್ದೆವು ಎಂದು ಬಹಿರಂಗವಾಗಿಯೇ ಒಪ್ಪಿಕೊಂಡರು. ಎಳೆಯ ಸಂಸದ ಅಟಲ್ ಬಿಹಾರಿ ವಾಜಪೇಯಿ ಅಧಿವೇಶನ ಕರೆಯಿರೆಂದು ಒತ್ತಾಯಿಸಿದ್ದರು. ನವೆಂಬರ್ 8ರಂದು ಸಂಸತ್ತು ಸೇರಿತು. ಗುಪ್ತವಾಗಿ ನಡೆಸೋಣವೆಂಬ ಸಲಹೆಯನ್ನು ನೆಹರೂ ಒಪ್ಪಲಿಲ್ಲ. ಅದರ ಹಿಂದಿನ ದಿನವೇ, ದಾಳಿ ಆರಂಭವಾದಾಗ ರಕ್ಷಣಾ ಸಚಿವರಾಗಿದ್ದ ಕೃಷ್ಣ ಮೆನನ್ ಸಂಪುಟದಿಂದ ಹೊರಹೋಗಿದ್ದರು. ಈಶಾನ್ಯ ಗಡಿಯ ಸೇಲಾ ಕಣಿವೆಯಲ್ಲಿ ನಮ್ಮ ಸೈನಿಕರು ಚಳಿಗೆ ತಕ್ಕ ಬಟ್ಟೆಯಿಲ್ಲದೆ ನಿಂತಿದ್ದಾಗ, ಬಟ್ಟೆ ಯಾಕಿಲ್ಲ ಎಂದು ದೆಹಲಿಯಲ್ಲಿ ಕೇಳಲಾಗುತ್ತಿತ್ತು. ಆ ಪ್ರಶ್ನೆಯಿಂದ ಯಾವ ಸೈನಿಕನ ಮನೋಬಲ ಕುಗ್ಗಿರಲು ಸಾಧ್ಯ? ಯುದ್ಧವನ್ನು ಸೋತೆವು ನಿಜ, ಆದರೆ ಅದಕ್ಕೆ ಸಂಸತ್ತಿನ ಚರ್ಚೆ ಕಾರಣವೆಂದು ಯಾರೂ ವಾದಿಸಿದ್ದನ್ನು ನಾನು ಕೇಳಿಲ್ಲ.

ಇನ್ನು ತಮ್ಮ ಮೊದಲ ಮಾತು. ಅದಕ್ಕೆ ವಾದದಿಂದ ಉತ್ತರ ಕೊಡಲಾಗದು. 1990ರ ಮಾರ್ಚಿನಲ್ಲಿ ಶ್ರೀಲಂಕಾದಿಂದ ಶಾಂತಿಪಾಲನಾ ಪಡೆಯ ಕೊನೆಯ ತುಕಡಿ ಹಡಗಿನಲ್ಲಿ ಮದ್ರಾಸಿಗೆ ಬಂದಾಗ ಅಲ್ಲಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ತಮ್ಮ ಪತ್ರದಲ್ಲಿ ಇದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ದಾವಣಗೆರೆ ರೈಲು ನಿಲ್ದಾಣದ ಹೊರಗಿನ ಚಹಾದಂಗಡಿಯ ಪ್ರಸಂಗ. ಟ್ರಂಕು ಕೆಳಗಿಟ್ಟು ಕುಳಿತ ತಮ್ಮನ್ನು ಪಕ್ಕದವರೊಬ್ಬರು, ‘ಅಲ್ಲ ಕಣ್ರೀ, ಅಲ್ಲಿ ನೀವು ಯಾರ ಪರವಾಗಿ ಹೊಡೆದಾಡಿದ್ರಿ?’ ಎಂದು ಕೇಳಿದ್ದು, ತಾವು ಅರ್ಧ ಲೋಟ ಚಹಾ ಅಲ್ಲೇ ಬಿಟ್ಟು ಎದ್ದುಬಂದದ್ದು. ಆ ಮನುಷ್ಯನ ಮೇಲೆ ತಮಗೆ ಇಂದಿಗೂ ಸಿಟ್ಟಿದೆ. ಆದರೆ ಆ ಪ್ರಶ್ನೆಗೆ ಉತ್ತರ ಹೇಳಬೇಕಾಗಿದ್ದವರು ತಾವಲ್ಲ. 1987ರ ಜುಲೈ 29ರಂದು ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿ, ಶಾಂತಿ ಕಾಯಲೆಂದು ಕಳಿಸಿದ ಪಡೆಯನ್ನು ಆ ಅಕ್ಟೋಬರಿನಲ್ಲಿ ಜಾಫ್ನಾದಲ್ಲಿ ತಮಿಳು ಹುಲಿಗಳ ಮೇಲೆ ಯುದ್ಧಕ್ಕೆ ತೊಡಗಿಸಿದ ರಾಜೀವ್ ಗಾಂಧಿಯವರ ಸರ್ಕಾರ ಅದನ್ನು ಹೇಳಬೇಕಾಗಿತ್ತು. ಶಾಂತಿಪಾಲನೆ ಎಂಬ ಹೆಸರು ಕೊನೆಯವರೆಗೂ ಹಾಗೆಯೇ ಉಳಿಯಿತು; ಅದರ ಅಡಿಯಲ್ಲಿ ಸುಮಾರು 1,200 ಮಂದಿ ನಮ್ಮವರು ಸತ್ತರು. ದೊಡ್ಡವರು ಹೇಳದೆ ಉಳಿಸಿದ ಉತ್ತರವನ್ನು ಟ್ರಂಕು ಹೊತ್ತು ಬಂದ ಹವಾಲ್ದಾರನಿಂದ ಚಹಾದಂಗಡಿಯಲ್ಲಿ ಕೇಳಲಾಯಿತು.

ಈಗ ತಮ್ಮ ಕೊನೆಯ ಪ್ರಶ್ನೆ. 1988ರಲ್ಲಿ ನಾನು ಒಂದು ಜಿಲ್ಲಾ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಓದುಗರ ಪತ್ರಗಳನ್ನು ಬಿಡಿಸಿ ಜೋಡಿಸುವುದೂ ನನ್ನದೇ ಕೆಲಸ. ಜಗಳೂರು ಕಡೆಯ ಒಬ್ಬ ತಾಯಿ, ಯಾರಿಂದಲೋ ಬರೆಸಿದ ನೀಲಿ ಇನ್‌ಲ್ಯಾಂಡ್ ಪತ್ರ ಅದರಲ್ಲೊಂದು. ಮಗ ಸಿಂಹಳಕ್ಕೆ ಹೋಗಿದ್ದಾನೆ, ಮೂರು ತಿಂಗಳಿಂದ ಕಾಗದವಿಲ್ಲ, ನಮ್ಮ ದೇಶದ ಮೇಲೆ ಯಾರೂ ದಂಡೆತ್ತಿ ಬಂದಿಲ್ಲವಲ್ಲ, ಅವನನ್ನು ಅಲ್ಲಿಗೆ ಯಾಕೆ ಕಳಿಸಿದರು ಎಂದು ನಿಮ್ಮ ಪೇಪರಿನಲ್ಲಿ ಕೇಳಿ ಎಂದಷ್ಟೇ ಇತ್ತು. ಅಂದಿನ ಸಂಪಾದಕರು ಓದಿ, ಸೈನ್ಯ ಹೊರಗಿರುವಾಗ ಇಂಥದ್ದು ಬೇಡ ಎಂದು ಹಿಂದಿರುಗಿಸಿದರು. ನಾನು ಎದುರು ಮಾತಾಡಲಿಲ್ಲ. ಪತ್ರವನ್ನು ಡ್ರಾಯರಿನಲ್ಲಿಟ್ಟೆ, ಆಕೆಗೆ ಒಂದು ಸಾಲಿನ ಉತ್ತರವನ್ನೂ ಬರೆಯಲಿಲ್ಲ. ಆದ್ದರಿಂದ ತಮ್ಮ ಪ್ರಶ್ನೆಗೆ ಉತ್ತರ: ಇಲ್ಲ, ತೋರಿಸಿರಲಿಲ್ಲ.

ತಮ್ಮ ಆರು ಪುಟಗಳಲ್ಲಿ ಜಾಫ್ನಾದ ಬಗ್ಗೆ ಇರುವುದು ಅರ್ಧ ಪುಟ ಮಾತ್ರ. ಉಳಿದುದೆಲ್ಲ ನಮ್ಮೊಡನೆ ಮಾಡಿದ ಜಗಳ. ಆ ಅರ್ಧ ಪುಟವನ್ನು ತಾವು ಬೆಳೆಸಿ ಬರೆದರೆ, ನಮ್ಮ ಅಭಿಪ್ರಾಯಕ್ಕೆ ಪೂರ್ತಿ ವಿರುದ್ಧವಾಗಿದ್ದರೂ ಒಂದಕ್ಷರ ತೆಗೆಯದೆ ಪ್ರಕಟಿಸುತ್ತೇವೆ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಖಾಲಿ ಇಡಲು ಹೇಳಿದ್ದೇನೆ. ಬರಹ ಇದೇ ತಿಂಗಳ 20ರೊಳಗೆ ಕೈಸೇರಲಿ. ಬೆರಳಚ್ಚು ಮಾಡಿಸಬೇಕಾಗಿಲ್ಲ, ತಮ್ಮ ಕೈಬರಹ ಸ್ಪಷ್ಟವಾಗಿದೆ.

ಇತಿ,
ಸಂಪಾದಕ